ಕಿಟಕಿಕಟ್ಟೆಯ ಮೇಲಿನ ಲೋಟ

ಗಡಿಯಾರ ನಿಲ್ಲುವುದು ದೊಡ್ಡ ಸಂಗತಿಯೇನಲ್ಲ. ಗಡಿಯಾರಗಳು ಆಗಾಗ ನಿಲ್ಲದಿದ್ದರೆ ಮುಳ್ಳಣ್ಣನ ಮನೆಯಲ್ಲಿ ಒಲೆ ಉರಿಯುವುದಾದರೂ ಹೇಗೆ? ಅಪ್ಪ ಬಿಟ್ಟುಹೋದ ಪುಟ್ಟ ಅಂಗಡಿಯಲ್ಲಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬಾಗಿದ ಮುಳ್ಳು ನೆಟ್ಟಗೆ ಮಾಡುವುದು, ಹಲ್ಲು ಮುರಿದ ಚಕ್ರ ಬದಲಾಯಿಸುವುದು ಅವನ ಕಸುಬು. ಹಾಗಾಗಿ ಬೀದಿಯವರು ಅವನ ನಿಜವಾದ ಹೆಸರು ಮರೆತು ಮುಳ್ಳಣ್ಣ ಅನ್ನುತ್ತಿದ್ದರು. ಸ್ವಭಾವದಲ್ಲಿ ಮಾತ್ರ ಮುಳ್ಳಿನ ಮೊನೆಯಷ್ಟೂ ಧೈರ್ಯವಿಲ್ಲ. ಬೆಕ್ಕು ಸೀನಿದರೂ ಎದ್ದು ಕೂರುವ ಪ್ರಾಣಿ.

ಅಂಥವನ ಅಂಗಡಿಯ ಮುಂದೆ ಆ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬಂದು ನಿಂತವರು ಲೋಟದಮ್ಮ.

ಬೀದಿಗೆ ಬೀದಿಯೇ ತಣ್ಣಗಾಯಿತು. ಎದುರಿನ ಎರಡು ಅಂಗಡಿಗಳ ಷಟರುಗಳು ಅರ್ಧಕ್ಕಿಳಿದವು. ಪಕ್ಕದ ಇಸ್ತ್ರಿಯವನು ಬಾಯಿ ತೆರೆದುಕೊಂಡು ನೋಡುತ್ತ ನಿಂತದ್ದರಿಂದ, ಯಾರದೋ ಬಿಳಿ ಅಂಗಿಯ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಚಿತ್ರ ಮೂಡಿತು. ಅವನಿಗೆ ಅದು ಗೊತ್ತೂ ಆಗಲಿಲ್ಲ. ಮೂವತ್ತು ವರ್ಷ ಕೆಂಡದ ಹೊಗೆ ಕುಡಿದ ಮೂಗು ಅವನದು. ಬಟ್ಟೆ ಸುಟ್ಟ ವಾಸನೆ ಯಾವಾಗಲೂ ಮೊದಲು ಗಿರಾಕಿಗೆ ಬರುತ್ತದೆ, ಆಮೇಲೆ ಇವನಿಗೆ ಬೈಗುಳ ಬರುತ್ತದೆ.

"ನಮ್ಮನೆ ಗೋಡೆ ಗಡಿಯಾರ ನಿಂತೋಗಿದೆ," ಅಂದರು ಲೋಟದಮ್ಮ. ಎಪ್ಪತ್ತು ದಾಟಿದ ವಯಸ್ಸು, ಸಣ್ಣ ಆಕೃತಿ, ನೆಟ್ಟಗಿನ ಬೆನ್ನು. "ಮೂರು ಗಂಟೆಗೆ ಬಾ."

ಆಗಲ್ಲ ಅನ್ನಬೇಕೆಂದು ಮುಳ್ಳಣ್ಣನ ಮನಸ್ಸು ನಿರ್ಧಾರ ಮಾಡಿಯೇ ಇತ್ತು. ನಾಲಿಗೆ ಮಾತ್ರ, "ಆಗಲಿ ಅಮ್ಮಾ, ಖಂಡಿತ ಅಮ್ಮಾ," ಅಂದುಬಿಟ್ಟಿತು. ಆಕೆ ಹೋದ ಮೇಲೆ ಅವನು ಅರ್ಧ ತಿಂದ ಬಿಸ್ಕತ್ತನ್ನು ವಾಪಸ್ ಪೊಟ್ಟಣಕ್ಕೆ ಹಾಕಿದ.

ಭಯಕ್ಕೆ ಕಾರಣವಿತ್ತು. ನಲವತ್ತೊಂದು ವರ್ಷದ ಹಿಂದೆ ಈ ಬೀದಿಯ ಕೊನೆಯ ಮನೆಯಲ್ಲಿ ನಡೆದ ಸಾವು ಪತ್ರಿಕೆಗಳಲ್ಲೆಲ್ಲ 'ಲೋಟದ ಕೇಸು' ಎಂದೇ ಹೆಸರಾಗಿತ್ತು. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದ ಗಂಡ ಒಂದು ಗಾಜಿನ ಲೋಟ ಎತ್ತಿ ಕುಡಿದ, ಅಲ್ಲೇ ಉರುಳಿದ. ಲೋಟದಲ್ಲಿ ಸೈನೈಡ್. ಆ ಮನೆಯಲ್ಲಿ ವಾಸವಿದ್ದವರು ಇಬ್ಬರೇ, ಗಂಡ ಮತ್ತು ಹೆಂಡತಿ. ಗಂಡ ಸತ್ತ, ಹೆಂಡತಿಯನ್ನು ಹಿಡಿದುಕೊಂಡು ಹೋದರು. ಒಂದೂವರೆ ವರ್ಷ ವಿಚಾರಣೆ ನಡೆದು, ಕೊನೆಗೆ ಸಾಕ್ಷ್ಯ ಸಾಲದು ಎಂದು ಬಿಡುಗಡೆಯಾಯಿತು. ಕೋರ್ಟು ಬಿಟ್ಟಿತು, ಬೀದಿ ಬಿಡಲಿಲ್ಲ. ಅವತ್ತಿನಿಂದ ಆಕೆ ಲೋಟದಮ್ಮ. ಆ ಮನೆಯಲ್ಲಿ ಯಾರೂ ಒಂದು ಗುಟುಕು ನೀರು ಕುಡಿದದ್ದಿಲ್ಲ. ಕರೆಂಟಿನ ಮೀಟರು ಓದುವವನು ಕೂಡ ಗೇಟಿನ ಹೊರಗೇ ನಿಂತು, ಅಂದಾಜಿನ ಮೇಲೆ ಬರೆದುಕೊಂಡು ಹೋಗುತ್ತಿದ್ದ.

ಹತ್ತೂಕಾಲಿಗೆಲ್ಲ ಮುಳ್ಳಣ್ಣನ ಅಂಗಡಿಯಲ್ಲಿ ಸಭೆ ಸೇರಿತು. ಇಸ್ತ್ರಿಯವನು ಬಂದ. ಅಂಗಡಿಯ ಹಿಂದಿನ ಮನೆಯಿಂದ ಮುಳ್ಳಣ್ಣನ ಹೆಂಡತಿ ಓಡಿಬಂದಳು. ಮಹಡಿ ಮನೆಯ ಗುಮಾಸ್ತರು ಛತ್ರಿ ಊರಿಕೊಂಡು ಇಳಿದರು. ಇವರು ಕೋರ್ಟಿನಿಂದ ನಿವೃತ್ತರಾದವರು. ಲೋಟದ ಕೇಸು ನಡೆದಾಗ ನಕಲು ಬರೆಯುವ ಹೊಸ ಗುಮಾಸ್ತರಾಗಿದ್ದು, ಏಳುನೂರು ಪುಟ ಕೈಯಾರೆ ಬರೆದವರು. ಈಗಲೂ ಯಾರಾದರೂ ಸಿಕ್ಕರೆ ಸಾಕು, ಒಂದನೇ ಪುಟದಿಂದ ಶುರು.

"ದಿನಾಂಕ ಹತ್ತೊಂಬತ್ತು, ಅಕ್ಟೋಬರ್, ಸೋಮವಾರ," ಅಂದರು ಗುಮಾಸ್ತರು ಕಣ್ಣು ಮುಚ್ಚಿ. "ಸಂಜೆ ನಾಲ್ಕು ಗಂಟೆ ಸುಮಾರಿಗೆ ಸಾವು. ಆರೋಪಿ ಹೇಳಿಕೆ: ನಾನು ಎರಡು ಗಂಟೆಗೆ ಸಾಮಾನು ತರೋಕೆ ಹೋಗಿದ್ದೆ, ಐದಕ್ಕೆ ವಾಪಸ್ ಬಂದೆ, ಬಂದಾಗ ಇವರು ಕುರ್ಚೀಲಿ ಬಿದ್ದಿದ್ರು. ಅಂಗಡಿಯವನೊಬ್ಬ ನೋಡಿದೆ ಅಂದ, ಇನ್ನೊಬ್ಬ ನೋಡಿಲ್ಲ ಅಂದ. ಮನೆಯೆಲ್ಲಾ ಜಾಲಾಡಿದ್ರು, ವಿಷದ ಸೀಸೆ ಸಿಗಲಿಲ್ಲ. ಇಡೀ ಕೇಸಲ್ಲಿ ಒಂದೇ ಒಂದು ಪ್ರಶ್ನೆಗೆ ಉತ್ತರ ಇಲ್ಲ ಕಣಯ್ಯ. ಆ ವಿಷ ಆ ಮನೆಗೆ ಬಂದಿದ್ದು ಎಲ್ಲಿಂದ? ಅದೊಂದು ಗೊತ್ತಾಗದೆ ನನಗೆ ನಲವತ್ತೊಂದು ವರ್ಷದಿಂದ ನೆಟ್ಟಗೆ ನಿದ್ದೆ ಇಲ್ಲ."

"ನನಗೆ ಇವತ್ತಿಂದ ಇಲ್ಲ," ಅಂದ ಮುಳ್ಳಣ್ಣ.

"ನಿಮ್ಮಪ್ಪನೂ ಸಾಕ್ಷಿ ಹೇಳಿದ್ದ, ಗೊತ್ತಾ?"

"ನಮ್ಮಪ್ಪನಾ?"

"ಹೂಂ. ಹನ್ನೊಂದನೇ ಸಾಕ್ಷಿ. ಹದಿನೆಂಟನೇ ತಾರೀಕು ಭಾನುವಾರ ಹೋಗಿ ಅವರ ಮನೆ ಗಡಿಯಾರ ಶುದ್ಧಿ ಮಾಡಿ ಬಂದೆ, ಹೆಂಡ್ತಿ ಗುಡಿಗೆ ಹೋಗಿದ್ರು, ಗಂಡ ಚೆನ್ನಾಗೇ ಇದ್ರು ಅಂದ. ಎರಡೇ ಮಾತು. ಕಟಕಟೆಯಲ್ಲಿ ಗಡಗಡ ನಡುಗ್ತಿದ್ದ, ಪಾಪ. ನೀನಾಗ ಇನ್ನೂ ಹೊಟ್ಟೇಲಿದ್ದೆ."

ಅಪ್ಪ ಈ ವಿಷಯ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಹೋದ ತಿಂಗಳು ತೀರಿಕೊಳ್ಳುವ ತನಕ ಆತ ಬಾಯಿ ಬಿಡದ ವಿಷಯಗಳು ಬೇರೆಯೂ ಇದ್ದವು. ಪ್ರತಿ ಸೋಮವಾರ ಸಂಜೆ ನಾಲ್ಕಕ್ಕೆ ಸರಿಯಾಗಿ ಅಂಗಡಿ ಮುಚ್ಚಿ ಹಿತ್ತಿಲ ಓಣಿಯಿಂದ ಎಲ್ಲಿಗೋ ಹೋಗುವುದು, ಅರ್ಧ ಗಂಟೆಯ ಮೇಲೆ ಮುಖ ಬಿಳಿಚಿಕೊಂಡು ಬರುವುದು, ರಾತ್ರಿ ಊಟ ಬೇಡವೆಂದು ಮಲಗುವುದು. ಎಲ್ಲಿಗೆ ಎಂದು ಕೇಳಿದರೆ ಉತ್ತರವಿಲ್ಲ.

"ಸೋಮವಾರ ನೋಡು ಇವತ್ತು," ಇಸ್ತ್ರಿಯವನು ಕಣ್ಣು ಮಿಟುಕಿಸಿದ. "ನಿಮ್ಮಪ್ಪ ಇದ್ದಿದ್ರೂ ನಾಲ್ಕಕ್ಕೆ ನಿನ್ ಸಹಾಯಕ್ಕೆ ಸಿಕ್ತಿರ್ಲಿಲ್ಲ. ಅವನಿಗೆ ಅವನದೇ ಘನಂದಾರಿ ಕೆಲಸ!"

"ಸತ್ತೋರ ಮೇಲೆ ಹಾಗೆಲ್ಲ ಹೇಳ್ಬೇಡಿ. ನಮ್ ಮಾವ ದೇವರಂಥೋರು," ಅಂದಳು ಹೆಂಡತಿ. ಆಮೇಲೆ ಗಂಡನ ಕಡೆ ತಿರುಗಿ, "ರೀ, ನೀವು ಹೋಗ್ಲೇಬೇಡಿ."

"ಹೋಗದಿದ್ರೆ ಅವಳಿಗೆ ಸಿಟ್ಟು ಬರುತ್ತೆ," ಅಂದ ಇಸ್ತ್ರಿಯವನು.

"ಅಯ್ಯೋ, ಹಾಗಾದ್ರೆ ಹೋಗಿ."

"ಹೋದ್ರೆ ಏನಾದ್ರೂ ಕುಡಿಯೋಕೆ ಕೊಡ್ತಾಳೆ," ಅಂದರು ಗುಮಾಸ್ತರು.

"ಅಯ್ಯಯ್ಯೋ, ಹೋಗ್ಬೇಡಿ!"

ಕೊನೆಗೆ ತೀರ್ಮಾನವಾಯಿತು. ಹೋಗಬೇಕು, ಏನನ್ನೂ ಬಾಯಿಗೆ ಹಾಕಬಾರದು. ಇಸ್ತ್ರಿಯವನ ಸಲಹೆಯಂತೆ ಮುಂಜಾಗ್ರತೆಗೆ ನಾಲ್ಕು ಹಸಿ ಮೊಟ್ಟೆಯ ಬಿಳಿ ಕುಡಿಯಬೇಕು, ಅದು ಹೊಟ್ಟೆಯ ಒಳಗೋಡೆಗೆ ಬಣ್ಣ ಬಳಿದ ಹಾಗೆ ಅಂಟಿಕೊಳ್ಳುತ್ತದಂತೆ. ಬ್ಯಾಗಿನಲ್ಲಿ ಒಂದು ಅಲಾರಂ ಟೈಂಪೀಸು ನಾಲ್ಕಕ್ಕೆ ಇಟ್ಟುಕೊಂಡು ಹೋಗಬೇಕು. ಅದು ಬಡಿದರೆ ಏಳುವುದಕ್ಕೆ ನೆವವಾಗುತ್ತದೆ. ನಾಲ್ಕಕ್ಕೂ ಹೊರಗೆ ಬರದಿದ್ದರೆ ಬೀದಿಯವರು ಬಾಗಿಲು ಒಡೆದು ಒಳಗೆ ನುಗ್ಗುತ್ತಾರೆ.

ಹೆಂಡತಿ ಬ್ಯಾಗು ತುಂಬಿದಳು. ಮನೆಯ ನೀರಿನ ದೊಡ್ಡ ಬಾಟಲಿ, ಟೈಂಪೀಸು, ವಾಂತಿ ಬಂದರೆ ಇರಲಿ ಎಂದು ಟವಲು. ಜಾಗ ಸಾಲಲಿಲ್ಲ. ಒಳಗಿದ್ದ ಒಂದು ತಗಡಿನ ಡಬ್ಬಿ ತೆಗೆದು ಪಕ್ಕಕ್ಕಿಟ್ಟಳು. ಬಿಗಿ ಮುಚ್ಚಳದ ಆ ಡಬ್ಬಿ ಚಕ್ರಗಳನ್ನು ಪೆಟ್ರೋಲಿನಲ್ಲಿ ತೊಳೆಯುವುದಕ್ಕೆ. ಬೇರೆ ರಿಪೇರಿಯವರೆಲ್ಲ ಗಿರಾಕಿಗಳ ಮನೆಗೆ ಹೋದರೆ ಅವರಿಂದಲೇ ಒಂದು ಲೋಟವೋ ಬಟ್ಟಲೋ ಕೇಳಿ ಇಸಕೊಳ್ಳುವುದು ರೂಢಿ. ಅಪ್ಪನದು ಮಾತ್ರ ಬೇರೆ ಕಟ್ಟಳೆ. "ಪ್ರಾಣ ಹೋದ್ರೂ ಅವರಿವರ ಮನೆ ಪಾತ್ರೆ ಕೇಳಬೇಡ," ಅನ್ನುತ್ತಿದ್ದ. ಅದೇನೋ ಮಡಿವಂತಿಕೆ ಎಂದು ಮುಳ್ಳಣ್ಣ ತಿಳಿದಿದ್ದ.

ಮೂರು ಗಂಟೆಗೆ ಅವನು ಹೊರಟಾಗ ಬೀದಿಯವರು ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದರು. ಇಷ್ಟು ದಿನ ನೋಡೇ ಇರದಂತೆ, ಇನ್ನು ನೋಡುವುದೂ ಇಲ್ಲವೆಂಬಂತೆ.

ಲೋಟದಮ್ಮನ ಮನೆಯ ಒಳಗೆ ಒಂದು ಧೂಳಿನ ಕಣವಿರಲಿಲ್ಲ. ನಡುಮನೆಯಲ್ಲಿ ಒಂದು ಮೇಜು, ಗೋಡೆಗೆ ಗಡಿಯಾರ, ಕಿಟಕಿಯ ಪಕ್ಕ ಒಂದು ಕುರ್ಚಿ. ಗಾಜಿನ ಬೀರುವಿನಲ್ಲಿ ಸಾಲಾಗಿ ಬೋರಲು ಹಾಕಿದ ಐದು ಗಾಜಿನ ಲೋಟಗಳು. ಆರರ ಸೆಟ್ಟಿನಲ್ಲಿ ಐದೇ ಯಾಕಿವೆ ಎಂದು ಯೋಚನೆ ಬಂದು ಮುಳ್ಳಣ್ಣ ಬ್ಯಾಗನ್ನು ಎದೆಗವುಚಿಕೊಂಡ.

"ಅಲ್ಲಿ ಕೂತ್ಕೋ. ಬೆಳಕು ಚೆನ್ನಾಗಿದೆ," ಅಂದರು ಆಕೆ, ಕಿಟಕಿಯ ಪಕ್ಕದ ಕುರ್ಚಿ ತೋರಿಸಿ.

"ನಿಂತೇ ಮಾಡ್ತೀನಿ ಅಮ್ಮಾ. ಅಭ್ಯಾಸ."

"ಕೂತ್ಕೋ."

ಕೂತ. ಕುರ್ಚಿಯ ತುದಿಯ ಎರಡು ಅಂಗುಲದ ಮೇಲೆ. ಗಡಿಯಾರ ಬಿಚ್ಚುವ ಮೊದಲು ಮಾಡಬೇಕಾದ ಕೆಲಸ ಒಂದಿದೆ, ಕಸುಬಿನ ಮೊದಲ ಪಾಠವೇ ಅದು. ಭಯದಲ್ಲಿ ಅದನ್ನು ಮರೆತು ಮುಳ್ಳಣ್ಣ ನೇರವಾಗಿ ಸ್ಕ್ರೂಗಳಿಗೆ ಕೈ ಹಾಕಿದ. ಒಂದೊಂದೇ ಚಕ್ರ ಮೇಜಿನ ಮೇಲೆ ಇಳಿಯಿತು. ತೊಳೆಯಬೇಕು ಎಂದು ಬ್ಯಾಗಿಗೆ ಕೈ ಹಾಕಿದರೆ ಡಬ್ಬಿ ಇಲ್ಲ.

"ಅಮ್ಮಾ... ಒಂದು ಹಳೇ ಲೋಟ ಇದ್ರೆ ಕೊಡ್ತೀರಾ? ಚಕ್ರ ತೊಳಿಯೋಕೆ."

ಆಕೆ ನಿಂತಲ್ಲೇ ಕಂಬದ ಹಾಗೆ ನಿಂತುಬಿಟ್ಟರು. "ಮುಚ್ಚಳ ಇರೋ ತಗಡಿನ ಡಬ್ಬಿ ತಂದಿಲ್ವಾ?"

"ಮರ್ತುಬಂದೆ ಅಮ್ಮಾ." ತನ್ನ ಡಬ್ಬಿಯ ವಿಷಯ ಈಕೆಗೆ ಹೇಗೆ ಗೊತ್ತು ಎಂದು ಕೇಳುವಷ್ಟು ಧೈರ್ಯವೂ ಅವನಲ್ಲಿ ಉಳಿದಿರಲಿಲ್ಲ, ಬುದ್ಧಿಯೂ ಉಳಿದಿರಲಿಲ್ಲ.

ಬೀರು ತೆರೆದು ಐದರಲ್ಲಿ ಒಂದು ಲೋಟ ತಂದು ಅವನ ಕೈಗೆ ಕೊಟ್ಟರು. "ಕಣ್ಣ ಮುಂದೇನೇ ಇಟ್ಕೋ ಅದನ್ನ," ಅಂದರು. ಮುಳ್ಳಣ್ಣ ಅದಕ್ಕೆ ಬ್ಯಾಗಿನ ಸೀಸೆಯಿಂದ ಬಿಳಿ ಪೆಟ್ರೋಲು ಸುರಿದ. ನೋಡುವುದಕ್ಕೆ ಥೇಟು ನೀರು. ಮೇಜಿನ ತುಂಬ ಚಕ್ರಗಳಿದ್ದುದರಿಂದ ಅದನ್ನು ಕಿಟಕಿಕಟ್ಟೆಯ ಮೇಲಿಟ್ಟ.

ಅಷ್ಟರಲ್ಲಿ ನಾಲ್ಕು ಮೊಟ್ಟೆಯ ಬಿಳಿ ಒಳಗೆ ಗುರ್‍ರ್‍ ಎಂದು ಮಾತಾಡಿತು. ಬಾಗಿಲ ತನಕ ಕೇಳಿಸುವಷ್ಟು ಜೋರಾಗಿ.

"ಅಯ್ಯೋ, ಹಸಿವೇನಪ್ಪಾ? ಇರು, ಟೀ ಮಾಡ್ತೀನಿ."

"ಬೇಡ ಅಮ್ಮಾ! ಅದು ಹಸಿವಲ್ಲ ಅಮ್ಮಾ!"

ಆಕೆ ಆಗಲೇ ಅಡಿಗೆಮನೆಗೆ ಹೋಗಿಯಾಗಿತ್ತು. ಮುಳ್ಳಣ್ಣ ಕಿವಿಗೊಟ್ಟು ಕೂತ. ಡಬ್ಬಿಯೊಂದರ ಮುಚ್ಚಳ ಕಿರ್ ಎಂದಿತು. ಚಮಚ ಮೂರು ಸಲ ತಿರುಗಿತು. ಆಮೇಲೆ ಇನ್ನೊಂದು ಡಬ್ಬಿ. ಟೀಗೆ ಎರಡು ಡಬ್ಬಿ ಯಾಕೆ? ಒಂದರಲ್ಲಿ ಸಕ್ಕರೆ, ಇನ್ನೊಂದರಲ್ಲಿ? ಟೀಪುಡಿ ಎಂಬ ವಸ್ತು ಲೋಕದಲ್ಲಿದೆ ಎನ್ನುವುದೇ ಅವನಿಗೆ ನೆನಪಾಗಲಿಲ್ಲ.

ಗಾಜಿನ ಲೋಟದಲ್ಲಿ ಟೀ ಬಂತು. ಲೋಟದಮ್ಮ ಎದುರಿಗೆ ಕೂತು ಅವನನ್ನೇ ನೋಡತೊಡಗಿದರು. "ಕುಡಿ. ಆರಿಹೋಗುತ್ತೆ."

"ಬಿಸಿ ಇದೆ ಅಮ್ಮಾ."

ಸ್ವಲ್ಪ ಹೊತ್ತಾಯಿತು. "ಈಗ ಕುಡಿ."

"ನಂಗೆ ಸಕ್ಕರೆ ಕಾಯಿಲೆ ಅಮ್ಮಾ."

"ಬೆಳಿಗ್ಗೆ ಅಂಗಡೀಲಿ ಕ್ರೀಮ್ ಬಿಸ್ಕತ್ತು ತಿಂತಿದ್ಯಲ್ಲ."

ಮುಳ್ಳಣ್ಣ ಮುಖ ಮುಚ್ಚಿಕೊಳ್ಳುವುದಕ್ಕಾಗಿ ಗಡಿಯಾರದ ಹಿತ್ತಾಳೆ ತಗಡನ್ನು ಮೂಗಿನ ಹತ್ತಿರ ಎತ್ತಿ ಹಿಡಿದು, ಭೂತಗನ್ನಡಿ ಹಾಕಿಕೊಂಡು ಘನ ಪರೀಕ್ಷೆ ಮಾಡುವವನಂತೆ ತಿರುಗಿಸಿದ. ಆಗ ಕಂಡಿತು.

ಗಡಿಯಾರ ಶುದ್ಧಿ ಮಾಡಿದ ಪ್ರತಿಯೊಬ್ಬ ರಿಪೇರಿಯವನೂ ತಗಡಿನ ಹಿಂದುಗಡೆ ಸೂಜಿಯಿಂದ ತನ್ನ ಗುರುತು, ತಾರೀಕು ಗೀಚುತ್ತಾನೆ. ಮುಂದೆ ಯಾವತ್ತೋ ಬಿಚ್ಚುವ ಇನ್ನೊಬ್ಬ ರಿಪೇರಿಯವನನ್ನು ಬಿಟ್ಟರೆ ಅದನ್ನು ಬೇರೆ ಯಾರೂ ನೋಡುವುದಿಲ್ಲ. ಅಲ್ಲಿ ಒಂದು ಅರ್ಧಚಂದ್ರ, ನಡುವೆ ಒಂದು ಚುಕ್ಕಿ. ಅಪ್ಪನ ಗುರುತು. ಕೆಳಗೆ ತಾರೀಕು. ತಿಂಗಳು ಹತ್ತು, ಇಸವಿ ನಲವತ್ತೊಂದು ವರ್ಷದ ಹಿಂದಿನದು. ದಿನ ಹದಿನೆಂಟಲ್ಲ. ಹತ್ತೊಂಬತ್ತು.

ಮೊದಲು ಅವನಿಗೆ ಏನೂ ತೋಚಲಿಲ್ಲ. ಆಮೇಲೆ ಒಂದೊಂದೇ ಹಲ್ಲು ಒಂದೊಂದೇ ಚಕ್ರಕ್ಕೆ ಕೂತಿತು. ಹಿಂದಿನ ಕಾಲದವರು ಹಿತ್ತಾಳೆ ಫಳಫಳ ಹೊಳೆಯಲಿ ಎಂದು ಸೈನೈಡ್ ನೀರಿನಲ್ಲಿ ತೊಳೆಯುತ್ತಿದ್ದರು ಎಂದು ಅಪ್ಪನೇ ಒಮ್ಮೆ ಹೇಳಿ, ಹೇಳಿದ್ದಕ್ಕೆ ತಾನೇ ಬೆಚ್ಚಿದ್ದ. ಅವತ್ತು ಸೋಮವಾರ ಅಪ್ಪ ಇಲ್ಲಿಗೆ ಬಂದಿದ್ದಾನೆ. ಹೆಂಡತಿ ಮನೆಯಲ್ಲಿಲ್ಲ. ಗಂಡನ ಹತ್ತಿರ ಲೋಟ ಕೇಳಿದ್ದಾನೆ. ಸೈನೈಡ್ ನೀರು ಸುರಿದಿದ್ದಾನೆ, ಕೆಲಸ ಮುಗಿಸಿದ್ದಾನೆ, ಲೋಟ ಅಲ್ಲೇ ಕಿಟಕಿಕಟ್ಟೆಯ ಮೇಲೆ ಮರೆತು ಹೋಗಿದ್ದಾನೆ. ಬಾಯಾರಿದ ಮನುಷ್ಯ ನೀರೆಂದು ಎತ್ತಿ ಕುಡಿದಿದ್ದಾನೆ. ಆಮೇಲೆ ಅಪ್ಪ ಕೋರ್ಟಿನಲ್ಲಿ ನಿಂತು ಒಂದು ದಿನದ ಸುಳ್ಳು ಹೇಳಿದ್ದಾನೆ.

ಇಷ್ಟು ಹೊತ್ತು ಮುಳ್ಳಣ್ಣನಿಗೆ ಎದುರಿನ ಟೀಯ ಭಯ. ಈಗ ಕೈಯಲ್ಲಿರುವ ತಗಡಿನ ಭಯ. ಇದು ಹೊರಗೆ ಬಂದರೆ ದೇವರಂಥ ಅಪ್ಪನ ಹೆಸರು ಮಣ್ಣುಪಾಲು. ಅಪ್ಪನ ಹೆಸರಿನ ಮೇಲೇ ನಿಂತ ಅಂಗಡಿಗೆ ಬೀಗ. ಒಂದು ಸೂಜಿ ಸಾಕು, ನಾಲ್ಕು ಗೀರು ಎಳೆದರೆ ತಾರೀಕು ಮಾಯ. ಅವನ ಕೈ ತಾನಾಗೇ ಸೂಜಿಯ ಕಡೆ ಹೋಯಿತು.

"ಏನಪ್ಪಾ, ಏನಾದ್ರೂ ಸಿಕ್ತಾ?" ಅಂದರು ಲೋಟದಮ್ಮ, ತಣ್ಣಗೆ.

ಬ್ಯಾಗಿನೊಳಗಿನ ಟೈಂಪೀಸು ಆಗಲೇ ಟ್ರಿಣ್ಣೆಂದು ಬೊಬ್ಬೆ ಹಾಕಿತು. ಮುಳ್ಳಣ್ಣ ಕುರ್ಚಿಯ ಎರಡು ಅಂಗುಲದಿಂದಲೂ ಜಾರಿ ನೆಲಕ್ಕೆ ಬಿದ್ದ. ಸೂಜಿ ಎಲ್ಲೋ ಹಾರಿತು. ಹೊರಗಿದ್ದವರಿಗೆ ಕೇಳಿಸಿದ್ದು ಅಲಾರಮ್ಮು, ಆಮೇಲೆ ಧೊಪ್ಪೆಂಬ ಸದ್ದು. ಇನ್ನೇನು ಬೇಕು?

"ಹೋಯ್ತು, ಜೀವ ಹೋಯ್ತು!" ಎಂದು ಕಿರುಚುತ್ತ ಇಸ್ತ್ರಿಯವನು ನುಗ್ಗಿದ. ಆಯುಧಕ್ಕೆಂದು ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನೇ ಹಿಡಿದು ತಂದಿದ್ದ. ಹಿಂದೆ ಪೊರಕೆಯೊಂದಿಗೆ ಹೆಂಡತಿ, ಛತ್ರಿಯೊಂದಿಗೆ ಗುಮಾಸ್ತರು, ಬಾಗಿಲ ತುಂಬ ಬೀದಿ. ಬಾಗಿಲಿಗೆ ಚಿಲಕವೇ ಹಾಕಿರಲಿಲ್ಲವಾದ್ದರಿಂದ ಒಡೆಯಲು ಓಡಿಬಂದ ರಭಸಕ್ಕೆ ಇಸ್ತ್ರಿಯವನು ನೇರ ಕಿಟಕಿಯ ತನಕ ಹೋಗಿ ನಿಂತ. ಏದುಸಿರು ಬಿಡುತ್ತಿದ್ದ. ನಾಲಿಗೆ ಒಣಗಿತ್ತು. ಕಟ್ಟೆಯ ಮೇಲೆ ಲೋಟದಲ್ಲಿ ತಿಳಿಯಾದ ನೀರು. ಏನನ್ನೂ ಬಾಯಿಗೆ ಹಾಕಬೇಡ ಎಂದು ಬೆಳಿಗ್ಗೆಯಿಂದ ಉಪದೇಶ ಮಾಡಿದ ಮಹಾನುಭಾವ ಅದನ್ನು ಎತ್ತಿ ಬಾಯಿಗಿಟ್ಟ. ಮೂಗಿನ ಕತೆ ಮೊದಲೇ ಹೇಳಿದೆನಲ್ಲ.

"ಕುಡೀಬೇಡ್ವೋ!" ಮುಳ್ಳಣ್ಣ ನೆಲದಿಂದಲೇ ಅರಚಿದ.

ಇಸ್ತ್ರಿಯವನು ಬೆಚ್ಚಿದ. ಪೆಟ್ರೋಲು ಅವನ ಅಂಗಿಯ ಮೇಲೆ ಚೆಲ್ಲಿತು. ಇನ್ನೊಂದು ಕೈಯಲ್ಲಿ ಕೆಂಡ! ಎಲ್ಲರ ಜೀವ ಬಾಯಿಗೆ ಬಂತು. ಲೋಟದಮ್ಮ ಮಾತ್ರ ಎದ್ದು ಬಂದು, ಸೊಪ್ಪಿನ ಕಟ್ಟು ಇಸಕೊಂಡಷ್ಟು ಸಲೀಸಾಗಿ ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡು ಹೊರಗೆ ಮೆಟ್ಟಿಲ ಮೇಲಿಟ್ಟು ಬಂದರು.

ಇಸ್ತ್ರಿಯವನಿಗೆ ಅದೆಲ್ಲ ಕಾಣಲಿಲ್ಲ. ತುಟಿ ಉರಿಯುತ್ತಿತ್ತು. "ವಿಷ! ಲೋಟದಮ್ಮ ನಂಗೂ ವಿಷ ಇಟ್ಲು! ಅದೇ ಕಿಟಕಿ! ಅದೇ ಲೋಟ!"

"ಲೋಟದಮ್ಮ ವಿಷ ಹಾಕಿದ್ಲಂತೆ!" ಬಾಗಿಲಲ್ಲಿದ್ದವರು ಹಿಂದಿನವರಿಗೆ ದಾಟಿಸಿದರು. ಹೊರಗಿನಿಂದ ಒಂದು ಕಲ್ಲು ಬಂದು ಕಿಟಕಿಯ ಗಾಜು ಒಡೆಯಿತು. "ಆಗ್ಲೇ ನೇಣು ಹಾಕ್ಬೇಕಿತ್ತು," ಎಂದು ಯಾರೋ ಕೂಗಿದರು.

ಲೋಟದಮ್ಮ ಕಿಟಕಿಯ ಕಡೆ ತಿರುಗಲೂ ಇಲ್ಲ. ನೆಲದ ಮೇಲೆ ಉರುಳಿದ್ದ ಲೋಟವನ್ನೇ ನೋಡುತ್ತ ನಿಂತಿದ್ದರು. ಕೆಂಡ ಹಿಡಿದಾಗ ನಡುಗದ ಕೈ ಈಗ ನಡುಗುತ್ತಿತ್ತು. ಅದನ್ನು ನೋಡಿ ಮುಳ್ಳಣ್ಣನಿಗೆ ಎಂಥದೋ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ಈಕೆಗೆ ಹೆದರಿದ್ದ. ಈಕೆಗೂ ಹೆದರಿಕೆ ಇರಬಹುದು ಎಂದು ಒಂದು ದಿನ ಯೋಚಿಸಿರಲಿಲ್ಲ.

"ಅದು ನನ್ನ ಲೋಟ," ಅಂದ. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಅಂದ. "ನನ್ನದು! ಚಕ್ರ ತೊಳಿಯೋ ಪೆಟ್ರೋಲು. ನಾನೇ ಕೇಳಿ ಇಸ್ಕೊಂಡು ಅಲ್ಲಿಟ್ಟೆ. ಅಮ್ಮಂದೇ‌ನೂ ತಪ್ಪಿಲ್ಲ."

ಗಲಾಟೆ ನಿಂತಿತು. ಗುಮಾಸ್ತರು ಮಾತ್ರ ಛತ್ರಿಯ ಹಿಡಿ ಗಲ್ಲಕ್ಕೊತ್ತಿ ನಿಂತಿದ್ದರು. ಏಳುನೂರು ಪುಟಗಳು ಅವರ ತಲೆಯೊಳಗೆ ಪಟಪಟ ಮಗುಚುತ್ತಿದ್ದವು.

"ಗಡಿಯಾರ ತೊಳಿಯೋಕೆ... ಮನೆಯವರ ಲೋಟ..." ಅಂದರು ನಿಧಾನಕ್ಕೆ. "ಏನಯ್ಯಾ, ನಿಮ್ಮಪ್ಪನೂ ಹೀಗೇ..."

"ಗುಮಾಸ್ತರೇ, ಆ ಪ್ರಶ್ನೆ ಬೇಡ," ಲೋಟದಮ್ಮ ತಟ್ಟನೆ ಅಂದರು. "ಮುಗಿದೋದ ವಿಷಯ. ಹುಡುಗನ್ನ ಬಿಡಿ."

ಮುಳ್ಳಣ್ಣ ತಲೆಯೆತ್ತಿ ನೋಡಿದ. ಹುಡುಗ! ನಲವತ್ತು ದಾಟಿದ ತನ್ನನ್ನು. ಕಲ್ಲು ಬಿದ್ದದ್ದು ಈಕೆಯ ಕಿಟಕಿಗೆ, ಕಾಪಾಡುತ್ತಿರುವುದು ತನ್ನನ್ನು. ಅಂಗೈ ಅಡಿಯಲ್ಲಿ ಮುಚ್ಚಿಟ್ಟುಕೊಂಡಿದ್ದ ತಗಡು ಬೆವರಿನಿಂದ ಒದ್ದೆಯಾಗಿತ್ತು. ಅವನು ಅದನ್ನು ಗುಮಾಸ್ತರ ಕಡೆ ಚಾಚಿದ. ಭೂತಗನ್ನಡಿಯನ್ನೂ ಕೊಟ್ಟ.

ಗುಮಾಸ್ತರು ಓದಿದರು. ಮತ್ತೊಮ್ಮೆ ಓದಿದರು. ಅಲ್ಲಿದ್ದ ಕುರ್ಚಿಯಲ್ಲಿ ಕೂತರು. ಯಾವ ಕುರ್ಚಿ ಎಂದು ನೆನಪಾಗಿ ಹಾರಿ ಎದ್ದರು. "ಹತ್ತೊಂಬತ್ತು! ಸೋಮವಾರ! ಭಾನುವಾರ ಅಲ್ಲ!" ಅವರ ಕಣ್ಣಲ್ಲಿ ನೀರು ಬಂತು. "ಹಿಂದಿನೋರು ಹಿತ್ತಾಳೆ ತೊಳೀತಿದ್ದಿದ್ದು ಸೈನೈಡ್ ನೀರಲ್ಲೇ! ವಿಷ ಎಲ್ಲಿಂದ ಬಂತು ಅಂತ ಗೊತ್ತಾಯ್ತು! ಇವತ್ತು ನಾನು ನಿದ್ದೆ ಮಾಡ್ತೀನಿ!"

ಅವರು ವಿವರಿಸಿದ ಮೇಲೆ ಆದದ್ದನ್ನು ನೋಡಬೇಕಿತ್ತು. ಹತ್ತೇ ನಿಮಿಷದಲ್ಲಿ ಬೀದಿ ಅಂಗಿ ಮಗುಚಿ ಹಾಕಿಕೊಂಡಿತು. "ನಂಗೆ ಮೊದಲಿಂದ್ಲೂ ಗೊತ್ತಿತ್ತು, ಅಮ್ಮ ಅಂಥೋರಲ್ಲ," ಅಂದ ಕಲ್ಲೆಸೆದವನು. ಒಬ್ಬಳು ಒಡೆದ ಗಾಜು ಗುಡಿಸಿದಳು. ಇನ್ನೊಬ್ಬಳು ಒಲೆಗೆ ನೀರಿಟ್ಟಳು. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಇಡೀ ಬೀದಿ ನಿಂತುಕೊಂಡು ಟೀ ಕುಡಿಯಿತು. ಲೋಟ ಸಾಲದೆ ಪಾತ್ರೆಗಳಲ್ಲಿ ಕುಡಿದರು. ಲೋಟದಮ್ಮ ಎನ್ನುವ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಎಲ್ಲರಿಗೂ ಆಕೆ ಬರೀ ಅಮ್ಮ.

ಹೆಸರು ಎಲ್ಲಿಗೆ ಹೋಯಿತು ಎಂದು ಮುಳ್ಳಣ್ಣನಿಗೆ ತಿಳಿದದ್ದು ಅಂಗಡಿಗೆ ಮರಳಿದ ಮೇಲೆ. ಗಂಟಲು ಒಣಗಿ, ಪಕ್ಕದ ಅಂಗಡಿಯ ಮಡಕೆಗೆ ಕೈ ಚಾಚಿದ. ಹದಿನೈದು ವರ್ಷದಿಂದ ಅವನು ನೀರು ಕುಡಿಯುವುದು ಆ ಮಡಕೆಯಿಂದಲೇ. ಇಸ್ತ್ರಿಯವನು ಮಡಕೆ ಎತ್ತಿಕೊಂಡು ಒಳಗಿಟ್ಟ.

"ಬೇಜಾರು ಮಾಡ್ಕೋಬೇಡ," ಅಂದ, ಊದಿದ ತುಟಿಯಲ್ಲಿ. "ಅಪ್ಪ ಒಬ್ಬನ್ನ ಕಳಿಸ್ದ. ಮಗ ನನ್ನ ಕಳಿಸೋಕೆ ನೋಡ್ದ. ನಂಗೂ ಹೆಂಡ್ತಿ ಮಕ್ಕಳಿದಾರೆ."

ರಿಪೇರಿಗೆ ಬಿಟ್ಟಿದ್ದ ಮೂವರು ಬಂದು ತಮ್ಮ ಗಡಿಯಾರಗಳನ್ನು ಹೇಗಿದ್ದವೋ ಹಾಗೇ ವಾಪಸು ಒಯ್ದರು. ಕೊನೆಯವನು ತಿರುಗುವಾಗ ಹೊರಗಿದ್ದ ಮಗುವಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು: "ಲೋಟದಣ್ಣನ ಅಂಗಡಿ ಹತ್ರ ಆಡ್ಬೇಡ, ಬಾ." ಹೆಂಡತಿ ಒಳಗಿನಿಂದ ನೀರು ತಂದುಕೊಟ್ಟಳು, ನಿಜ. ಆದರೆ ಅವನು ಪ್ರೀತಿಯಿಂದ, ನೀನೂ ಒಂದು ಗುಟುಕು ಕುಡಿಯೇ ಎಂದು ಲೋಟ ಚಾಚಿದಾಗ ಒಂದು ಹೆಜ್ಜೆ ಹಿಂದೆ ಸರಿದು, "ಬೇಡ ರೀ, ನಾನೇ ತಗೋತೀನಿ," ಅಂದಳು.

ಗಡಿಯಾರ ಇನ್ನೂ ಬಿಚ್ಚಿದ ಹಾಗೇ ಇದೆ ಎಂದು ನೆನಪಾದದ್ದು ಐದೂವರೆಗೆ. ಈ ಸಲ ಅವನು ಹಿತ್ತಿಲ ಓಣಿಯಿಂದ ಹೋದ. ಬೀದಿಯಲ್ಲಿ ಮುಖ ತೋರಿಸುವ ಹಾಗಿರಲಿಲ್ಲ. ಬೀದಿಯವರೆಲ್ಲ ಹೋಗಿದ್ದರು. ಆಕೆ ಒಬ್ಬರೇ ಲೋಟ ಒರೆಸುತ್ತ ಕೂತಿದ್ದರು. ಮುಳ್ಳಣ್ಣ ತಲೆ ತಗ್ಗಿಸಿಕೊಂಡು ಚಕ್ರಗಳನ್ನೆಲ್ಲ ಜೋಡಿಸಿದ.

"ಎಲ್ಲಾ ಸರಿ ಇದೆ ಅಮ್ಮಾ. ಏನು ಕೆಟ್ಟಿತ್ತು ಅಂತಾನೇ ಗೊತ್ತಾಗ್ಲಿಲ್ಲ."

"ಏನೂ ಕೆಟ್ಟಿರ್ಲಿಲ್ಲ ಕಣಪ್ಪ. ಅದಕ್ಕೆ ಎಂಟು ದಿನಕ್ಕೊಂದ್ಸಲ ಕೀಲಿ ಕೊಡ್ಬೇಕು. ಕೊಡೋನು ಸತ್ತೋದ, ಅದು ನಿಂತೋಯ್ತು."

ಬಿಚ್ಚುವ ಮೊದಲು ಕೀಲಿ ಕೊಟ್ಟು ನೋಡಬೇಕೆಂಬ ಮೊದಲ ಪಾಠ ಮುಳ್ಳಣ್ಣನಿಗೆ ಈಗ ನೆನಪಾಗಿ, ಕೈಯಿಂದ ಕೀಲಿ ಜಾರಿತು.

"ಬಿಡುಗಡೆ ಆದ್ಮೇಲೆ ಇದನ್ನ ಬೇರೆ ಊರಲ್ಲಿ ಒಬ್ಬ ರಿಪೇರಿಯವನ ಹತ್ರ ತಗೊಂಡೋಗಿದ್ದೆ. ಅವನು ತಗಡು ತಿರುಗಿಸಿ ತಾರೀಕು ಓದಿ ಹೇಳ್ದ, ಸೈನೈಡ್ ನೀರಲ್ಲಿ ತೊಳೆದಿದಾರೆ ಅಂತಾನೂ ಹೇಳ್ದ. ಅಲ್ಲೀತನಕ ಭಾನುವಾರ ನಾನು ಗುಡೀಲಿದ್ದಾಗ ಬಂದಿದ್ದ ಅಂತ್ಲೇ ನಂಬಿದ್ದೆ. ಅವತ್ತೇ ಗೊತ್ತಾಯ್ತು. ನಿಮ್ಮಪ್ಪನ್ನ ಹಿಡಿದು ಕೊಟ್ರೆ ನಮ್ಮನೆಯವರು ಎದ್ದು ಬರ್ತಿದ್ರಾ? ಬೇಕಂತ ಮಾಡಿದ್ದಲ್ಲ. ನಿಮ್ಮಮ್ಮನ ಮಡಿಲಲ್ಲಿ ನೀನು ಎಳೇ ಕೂಸು. ಸುಮ್ನಾದೆ." ಆಕೆ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. "ಸಿಟ್ಟಿರ್ಲಿಲ್ಲ ಅಂತ ತಿಳ್ಕೋಬೇಡ. ಬೇಕಾದಷ್ಟಿತ್ತು. ಅದಕ್ಕೇ ಒಂದು ಶಿಕ್ಷೆ ಹಾಕಿದೆ. ಪ್ರತೀ ಸೋಮವಾರ ನಾಲ್ಕಕ್ಕೆ ಬಂದು ಗಡಿಯಾರಕ್ಕೆ ಕೀಲಿ ಕೊಡ್ಬೇಕು, ಆ ಕುರ್ಚೀಲಿ ಕೂತು ನಾನು ಕೊಟ್ಟ ಟೀ ಕುಡಿದು ಹೋಗ್ಬೇಕು. ಇಡೀ ಊರಲ್ಲಿ ನನ್ನ ಕೈಯಿಂದ ಕುಡಿಯೋನು ಒಬ್ಬ ಇದ್ದ. ಅವನೂ ಹೆದರ್ಕೊಂಡೇ ಕುಡೀತಿದ್ದ."

ಮುಳ್ಳಣ್ಣ ನೆಲಕ್ಕೆ ಬಗ್ಗಿದ. ಬಿದ್ದ ಕೀಲಿ ಎತ್ತಿಕೊಂಡು ಹದಿನಾಲ್ಕು ಸುತ್ತು ಕೊಟ್ಟ. ಗಡಿಯಾರ ಟಿಕ್ ಎಂದಿತು.

"ಮುಂದಿನ ಸೋಮವಾರ ನಾಲ್ಕಕ್ಕೆ," ಅಂದರು ಆಕೆ.

"ಇನ್ನೂ ಯಾಕಮ್ಮಾ? ಬೀದಿಗೆಲ್ಲಾ ಗೊತ್ತಾಯ್ತಲ್ಲ. ಇನ್ಮೇಲೆ ನಿಮ್ಮನೇಲಿ ಎಲ್ರೂ ಕುಡೀತಾರೆ."

"ನಂಗಲ್ಲ. ನಿಂಗೆ ಕುಡಿಯೋಕೆ ಬೇರೆ ಯಾರು ಕೊಡ್ತಾರೆ?"

ಮಾತು ನಿಜವಾಗಿತ್ತು. ಹೊಸದಾಗಿ ಮಾಡಿದ ಟೀ ಆ ಗಾಜಿನ ಲೋಟದಲ್ಲಿ ಅವನ ಮುಂದೆ ಬಂತು. ಈಕೆ ಯಾರನ್ನೂ ಕೊಂದವಳಲ್ಲ ಎಂದು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ತಾನೇ. ಆದರೂ ಒಂದು ಯೋಚನೆ ತಲೆಯಿಂದ ಹೋಗಲೊಲ್ಲದು. ಈಕೆಗೆ ಕೊಲ್ಲಲು ಕಾರಣ ಅವತ್ತು ಇರಲಿಲ್ಲ, ಸರಿ. ಗಂಡನ ಸಾವಿಗೆ ಕಾರಣನಾದವನ ಮಗ ಎದುರಿಗೇ ಕೂತಿದ್ದಾನೆ, ಈಗ ಇದೆಯಲ್ಲ!

ಲೋಟ ಎತ್ತಿದ. ಟೀ ತುಳುಕಿ ಬೆರಳ ಮೇಲೆ ಬಿತ್ತು.

"ನಡುಗ್ಬೇಡ, ಕುಡಿ," ಅಂದರು ಆಕೆ. "ನಿಮ್ಮಪ್ಪನಿಗೂ ಮೊದಲ ಹತ್ತು ವರ್ಷ ಹೀಗೇ ಆಗ್ತಿತ್ತು."